ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ

ಹಳೆಯ ಸಾಮಾನಿನ ಅಂಗಡಿಯಲ್ಲಿ ಕುಂಕುಮದ ಭರಣಿಯೊಂದು ಥಳಥಳಿಸಿತೆಂದು ಒಡನೆಯೇ ಬೆಳ್ಳಿಯ ಬೆಲೆ ತೆರಬೇಡಿ. ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿಯೇ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ.

ಮೊದಲು ತಳದ ಮುದ್ರೆಯನ್ನು ನೋಡಿ: 925 ಎಂದಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ‘ಇ.ಪಿ.ಎನ್.ಎಸ್.’ ಎಂದಿದ್ದರೆ ಬರಿಯ ಲೇಪ. ಸವೆದ ಅಂಚಿನಲ್ಲಿ ಹಳದಿಯೋ ಕೆಂಪೋ ಇಣುಕಿದರೂ ಲೇಪವೆಂದೇ ತಿಳಿಯಿರಿ. ಅಯಸ್ಕಾಂತಕ್ಕೆ ಅಂಟದಿರುವುದೊಂದೇ ಸಾಕ್ಷಿಯಲ್ಲ, ತಾಮ್ರವೂ ಅಂಟದು.

ಮುದ್ರೆಯೂ ಸುಳ್ಳಾಗಬಹುದಾದ್ದರಿಂದ ತೂಗಿಸಿ, ತುಂಬಿದ ನೀರಿನಲ್ಲಿ ಮುಳುಗಿಸಿ, ಹೊರಚೆಲ್ಲಿದ್ದನ್ನು ಅಳೆಯಿರಿ. 105 ಗ್ರಾಂ ಬೆಳ್ಳಿ ಸುಮಾರು 10 ಮಿಲಿಲೀಟರ್ ಚೆಲ್ಲುತ್ತದೆ. ಅಷ್ಟೇ ತೂಕದ ಜರ್ಮನ್ ಸಿಲ್ವರ್ ಸುಮಾರು 12.

ಕಪ್ಪಿಗೆ ಮಾತ್ರ ಅಂಜಬೇಡಿ. ಗಾಳಿಯ ಗಂಧಕ ತಗಲಿ ಕಪ್ಪಾಗುವುದು ಬೆಳ್ಳಿಯ ಸಹಜಗುಣ. ಸಂಶಯ ಉಳಿದರೆ ನಂಬಿಕೆಯ ಅಕ್ಕಸಾಲಿಗನ ಒರೆಗಲ್ಲಿಗೆ ಒಪ್ಪಿಸಿ, ಆಮೇಲೆ ಹಣದ ಮಾತಾಡಿ.