ಗಾಲಿಕುರ್ಚಿಗೂ ಒಂದು ಕಾಲುದಾರಿ

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗು ಪ್ರದೇಶವಿದೆ. 1947ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ‘ಅನ್ಹಿಂಗಾ’ ಎಂಬ ಹಕ್ಕಿಯ ಹೆಸರಿನ ಕಾಲುದಾರಿಯೊಂದುಂಟು. ಕನ್ನಡ ನಾಡಿನ ಕೆರೆಗಳಲ್ಲಿ ಕಾಣುವ ಹಾವಕ್ಕಿಯ ಹತ್ತಿರದ ಬಂಧು ಅದು. ದಾರಿಯ ಒಂದು ಭಾಗ ಗಟ್ಟಿ ನೆಲ. ಇನ್ನೊಂದು ಭಾಗ ನೀರಿನ ಮೇಲೆ ಕಂಬಗಳನ್ನು ನಿಲ್ಲಿಸಿ ಹಾಸಿದ ಹಲಗೆ. ಆದುದರಿಂದ ಗಾಲಿಕುರ್ಚಿಯಲ್ಲಿ ಕುಳಿತವರೂ ರೆಕ್ಕೆಗಳನ್ನು ಬಿಸಿಲಿಗೆ ಹರಡಿ ಒಣಗಿಸುವ ಆ ಹಕ್ಕಿಯನ್ನು, ಮರದ ದಿಮ್ಮಿಯಂತೆ ಮಲಗಿದ ಅಲಿಗೇಟರ್ ಮೊಸಳೆಯನ್ನು ಹತ್ತಿರದಿಂದಲೇ ನೋಡಬಲ್ಲರು.

ಇಂತಹ ದಾರಿ ನಿಸರ್ಗಕ್ಕೆ ಅಪಚಾರವೆನ್ನುವವರುಂಟು. ಕಾಡಿನೊಳಗೆ ಮೋಟಾರು ರಸ್ತೆಯನ್ನು ಒಪ್ಪಿದವರಿಗೆ ಹಲಗೆಯ ದಾರಿ ಭಾರವಾಗುವುದೇಕೆ? ಹಲಗೆಯ ಕೆಳಗೆ ನೀರು ಹರಿಯುತ್ತದೆ, ಮೀನು ಈಜುತ್ತದೆ. ಜನರ ಕಾಲ್ತುಳಿತದಿಂದ ಜೌಗು ನೆಲವೂ ಉಳಿಯುತ್ತದೆ. ದಾರಿಯೊಂದೇ ಸಾಲದೆಂಬುದೇನೋ ನಿಜ. ಶೌಚಗೃಹದ ಬಾಗಿಲು ಕಿರಿದಾಗಿದ್ದರೆ ಇಂಥವರ ಪ್ರವಾಸ ಅಲ್ಲಿಗೇ ಮುಗಿಯಿತು.

‘ಯಾರಾದರೂ ಇಬ್ಬರು ಎತ್ತಿಕೊಂಡು ಹೋದರಾಯಿತು’ ಎನ್ನುವುದು ಸುಲಭ. ಆದರೆ ಹೊರುವವರು ನಿಂತಾಗ ನಿಂತು, ಹೊರಟಾಗ ಹೊರಡುವುದು ಕಾಡನ್ನು ನೋಡುವ ಬಗೆಯಲ್ಲ. ನೀರಿನಲ್ಲಿ ಮುಳುಗಿದ ಅನ್ಹಿಂಗಾ ಕೊಕ್ಕಿನಲ್ಲಿ ಮೀನನ್ನು ಚುಚ್ಚಿಕೊಂಡು ಮೇಲೇಳುವವರೆಗೆ, ಯಾರ ಅವಸರವೂ ಇಲ್ಲದೆ, ಕಾದು ಕುಳಿತಿರಬೇಕು.