ಮಳಿಗೆಗಳ ಮಗ್ಗುಲಲ್ಲೊಂದು ಹಳ್ಳ

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ದಕ್ಷಿಣಕ್ಕೆ ಡಂಡ್ರಮ್ ಎಂಬ ಊರಿದೆ. ಐರಿಷ್ ಭಾಷೆಯಲ್ಲಿ ಈ ಹೆಸರಿಗೆ ದಿಣ್ಣೆಯ ಮೇಲಿನ ಕೋಟೆ ಎಂದರ್ಥ. ಹಿಂದೆ ಹಳ್ಳಿಯಾಗಿದ್ದ ಇದನ್ನು ನಗರ ಎಂದೋ ನುಂಗಿಕೊಂಡಿದೆ. ಇಂದು ಜನ ಅಲ್ಲಿಗೆ ಹೋಗುವುದು ಕೋಟೆ ನೋಡಲಿಕ್ಕಲ್ಲ. ‘ಡಂಡ್ರಮ್ ಟೌನ್ ಸೆಂಟರ್’ ಎಂಬ ಭಾರಿ ಮಳಿಗೆ ಸಂಕೀರ್ಣಕ್ಕೆ. ಅದರ ಚರಿತ್ರೆಯಲ್ಲಿ ನನಗೆ ಹಿಡಿಸಿದ್ದು ಅಂಗಡಿಗಳಲ್ಲ, ಅವುಗಳ ಮಗ್ಗುಲಲ್ಲಿ ಹರಿಯುವ ಸ್ಲ್ಯಾಂಗ್ ಎಂಬ ಪುಟ್ಟ ಹಳ್ಳ.

ಡಾಡರ್ ನದಿಯನ್ನು ಸೇರುವ ಈ ಹಳ್ಳವೇ ಊರಿಗೆ ಮೊದಲ ಕಸುಬು ಕೊಟ್ಟಿತು. ಅದರ ನೀರಿನಿಂದ ಗಿರಣಿ ತಿರುಗಿತು. ಗಿರಣಿಯ ಜಾಗದಲ್ಲಿ ಮುಂದೆ ದೊಡ್ಡದೊಂದು ಲಾಂಡ್ರಿ ಬಂತು. ಊರಿನ ಎಷ್ಟೋ ಹೆಂಗಸರಿಗೆ ಅಲ್ಲಿ ಕೆಲಸ ಸಿಕ್ಕಿತು. ಲಾಂಡ್ರಿಯ ನಂತರ ಪೈ ಕಂಪೆನಿಯ ರೇಡಿಯೊ ಕಾರ್ಖಾನೆ. 1854ರಲ್ಲಿ ಬಂದಿದ್ದ ರೈಲು 1958ರ ಕೊನೆಯ ದಿನ ನಿಂತುಹೋಯಿತು. 2004ರಲ್ಲಿ ಅದೇ ಹಾದಿಯಲ್ಲಿ ‘ಲುವಾಸ್’ ಟ್ರ್ಯಾಮ್ ಓಡತೊಡಗಿತು.

ಐರ್ಲೆಂಡಿನ ಮೊದಲ ಶಾಪಿಂಗ್ ಸೆಂಟರ್ 1966ರಲ್ಲಿ ಸಮೀಪದ ಸ್ಟಿಲಾರ್ಗನ್‌ನಲ್ಲಿ ತೆರೆಯಿತು. ಡಂಡ್ರಮ್‌ಗೆ ಅಂಥದೊಂದು ಬಂದದ್ದು 1971ರಲ್ಲಿ. ಈಗಿನ ಟೌನ್ ಸೆಂಟರ್ ತೆರೆದದ್ದು 2005ರ ಮಾರ್ಚ್‌ನಲ್ಲಿ, ದೇಶದ ಐಶ್ವರ್ಯ ಉಕ್ಕುತ್ತಿದ್ದ ಕಾಲದಲ್ಲಿ. ಗಿರಣಿಯ ಹಳೆಯ ಕೊಳವನ್ನು ಮುಚ್ಚದೆ ಉಳಿಸಿ, ಅದರಲ್ಲಿ ಕಾರಂಜಿ ಚಿಮ್ಮಿಸಿದರು. 2008ರಲ್ಲಿ ಆ ಐಶ್ವರ್ಯದ ಗುಳ್ಳೆ ಒಡೆಯಿತು. ಕಟ್ಟಿದವರ ಸಾಲ ಸರಕಾರಿ ಸಂಸ್ಥೆಯ ಪಾಲಾಯಿತು. 2015ರಲ್ಲಿ ಹ್ಯಾಮರ್‌ಸನ್ ಮತ್ತು ಅಲಿಯಾನ್ಸ್ ಕಂಪೆನಿಗಳು ಬೇರೆ ಆಸ್ತಿಗಳ ಸಾಲವನ್ನೂ ಸೇರಿಸಿ 185 ಕೋಟಿ ಯೂರೊಗೆ ಅದನ್ನು ಕೊಂಡವು.

ಇದರ ನಡುವೆ ಹಳ್ಳವೂ ತನ್ನ ಲೆಕ್ಕ ಒಪ್ಪಿಸಿತ್ತು. 2011ರ ಅಕ್ಟೋಬರ್ 24ರಂದು ಡಬ್ಲಿನ್ ಸುತ್ತ ಮಳೆ ಸುರಿಯಿತು. ಸ್ಲ್ಯಾಂಗ್ ದಂಡೆ ಮೀರಿ ಮಳಿಗೆಗಳೊಳಗೆ ನುಗ್ಗಿತು. ಆ ಭಾಗದಲ್ಲಿ ಆ ದಿನದ ಪ್ರವಾಹ ಇಬ್ಬರನ್ನು ಬಲಿ ತೆಗೆದುಕೊಂಡಿತು.

ಅಷ್ಟು ಸಣ್ಣ ಹಳ್ಳಕ್ಕೆ ಇಷ್ಟು ಬಲ ಎಲ್ಲಿಂದ? ಲೆಕ್ಕ ಸುಲಭ. ಒಂದು ಹೆಕ್ಟೇರ್ ನೆಲದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಐದು ಲಕ್ಷ ಲೀಟರ್ ನೀರಾಯಿತು. ಹತ್ತು ಸಾವಿರ ಲೀಟರಿನ ಐವತ್ತು ಟ್ಯಾಂಕರುಗಳಷ್ಟು! ಹುಲ್ಲುಗಾವಲಾದರೆ ಮಣ್ಣು, ಬೇರು ಒಂದಷ್ಟನ್ನು ಹೀರಿಕೊಂಡು ಉಳಿದದ್ದನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಚಾವಣಿ, ಟಾರು, ಕಾಂಕ್ರೀಟಿಗೆ ಆ ಗುಣವಿಲ್ಲ. ಬಿದ್ದ ನೀರೆಲ್ಲ ಚರಂಡಿಗಳಲ್ಲಿ ಓಡಿ, ಏಕಕಾಲಕ್ಕೆ ಹಳ್ಳ ಸೇರುತ್ತದೆ. ಹೀಗಾಗಿ ತಪ್ಪನ್ನು ಒಂದೇ ಕಟ್ಟಡದ ತಲೆಗೆ ಕಟ್ಟುವುದು ಸರಿಯಲ್ಲ. ಮೇಲ್ಗಡೆ ನೀರು ಹರಿದುಬರುವ ಪ್ರದೇಶದ ಒಂದೊಂದು ಮನೆಯಂಗಳಕ್ಕೂ ಇದರಲ್ಲಿ ಪಾಲಿದೆ.

ಗಿರಣಿಯವನು ಹಳ್ಳದ ದಂಡೆಗೆ ಬಂದದ್ದು ನೀರು ಬೇಕೆಂದು. ಬೇಸಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು ಎಂಬುದು ಅವನಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಅಂಗಡಿಗೆ ಬರುವವರಿಗೆ ಹಳ್ಳದಿಂದ ಆಗಬೇಕಾದದ್ದೇನೂ ಇಲ್ಲ, ಹಾಗಾಗಿ ಅದು ಇದೆಯೆಂಬುದೂ ನೆನಪಿರುವುದಿಲ್ಲ. ಒಡೆಯರು ಬದಲಾದರು, ಸಾಲ ಕೈ ಬದಲಾಯಿತು. ನೆಲದ ಇಳಿಜಾರು ಮಾತ್ರ ಗಿರಣಿಯ ಕಾಲದಲ್ಲಿ ಇದ್ದಂತೆಯೇ ಇದೆ.