ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೇಡ



ಮುಂಗಾರಿಗೆ ಮುಂಚೆ ತೋಟದಲ್ಲಿ ಬಸಿಗಾಲುವೆ ತೆಗೆಯಬೇಕು, ಕೃಷಿಹೊಂಡದ ಹೂಳೆತ್ತಬೇಕು, ಕೆರೆಗೋಡು ಅಡಿಕೆ ಬುಡಕ್ಕೆ ಬೀಳಬೇಕು. ಇದಕ್ಕೆಲ್ಲ ಎತ್ತು-ಆಳುಗಳನ್ನು ನೆಚ್ಚುವ ಕಾಲ ಕಡೂರು, ತರೀಕೆರೆ ಸೀಮೆಯಲ್ಲಿ ಹೋಗಿಯೇ ಹೋಯಿತು. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದಲ್ಲೂ ಇಂದು ನಾವು ಕಾಯುವುದು ಗಂಟೆ ಲೆಕ್ಕದ ಬಾಡಿಗೆಯ ಮಣ್ಣು ಅಗೆಯುವ ಯಂತ್ರವನ್ನೇ. ಆ ಯಂತ್ರ ತೋಟದ ನಡುವೆ ಕೆಟ್ಟು ನಿಂತರೆ ಸಣ್ಣ ಹಿಡುವಳಿದಾರನ ಇಡೀ ವರ್ಷದ ಲೆಕ್ಕ ತಪ್ಪುತ್ತದೆ.

ಈಚೆಗೆ ನಮ್ಮ ಕಣ್ಣೆದುರಿಗೇ ನಡೆದ ಸಂಗತಿ ಇದು. ಅರ್ಧ ಕಾಲುವೆ ತೆಗೆದಿದ್ದ ಯಂತ್ರದಲ್ಲಿ ಎಚ್ಚರಿಕೆಯ ದೀಪ ಹೊತ್ತಿತು, ಎಂಜಿನ್ ಶಕ್ತಿ ಕುಂದಿತು. ಬಂದ ಮೆಕ್ಯಾನಿಕ್ ಪರದೆಯ ಮೇಲಿನ ಸಂಖ್ಯೆ ನೋಡಿ, ‘ಸೆನ್ಸರ್ ಹೋಗಿದೆ’ ಎಂದರು. ಹೊಸ ಸೆನ್ಸರ್ ಬರಲು ಮೂರು ದಿನ ಹಿಡಿಯಿತು. ಅದನ್ನು ಹಾಕಿದರೂ ದೀಪ ಆರಲಿಲ್ಲ. ಕೊನೆಗೆ ಹಳೆಯ ಚಾಲಕರೊಬ್ಬರು ಎಂಜಿನ್ನಿನ ಹಿಂಬದಿಗೆ ಕೈ ಹಾಕಿ ನೋಡಿದರೆ, ಇಲಿ ತಂತಿಯನ್ನು ಕಡಿದಿತ್ತು! ಅಷ್ಟರಲ್ಲಿ ಮಳೆ ಹಿಡಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ.

ಹಿಂದಿನ ಎಂಜಿನ್ನುಗಳ ಕಾಯಿಲೆಯನ್ನು ಕಿವಿ, ಮೂಗುಗಳಿಂದಲೇ ಹಿಡಿಯಬಹುದಿತ್ತು. ಈಗ ಹಾಗಲ್ಲ. ನಿರ್ಮಾಣ ಯಂತ್ರಗಳ ಹೊಗೆಯ ಮೇಲಿನ ಭಾರತ ಮಾನದಂಡದ ಮೂರನೆಯ ಹಂತ 2011ರ ಏಪ್ರಿಲ್‌ನಲ್ಲಿ, ನಾಲ್ಕನೆಯದು 2021ರ ಏಪ್ರಿಲ್‌ನಲ್ಲಿ, ಐದನೆಯದು 2025ರ ಜನವರಿಯಲ್ಲಿ ಜಾರಿಗೆ ಬಂದವು. ಹಂತ ಏರಿದಂತೆ ಡೀಸೆಲ್ಲಿನ ಅಳತೆ ಗಣಕದ ಕೈಗೆ ಹೋಯಿತು. ಆ ಗಣಕದ ಕಣ್ಣು-ಕಿವಿಗಳೇ ಸೆನ್ಸರುಗಳು. ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ರೋಗ ಹಿಡಿಯುವ ವಿದ್ಯೆ ಮಾತ್ರ ಯಂತ್ರದೊಡನೆ ನಮ್ಮ ಹಳ್ಳಿಗಳಿಗೆ ಬರಲಿಲ್ಲ.

ಪರದೆಯ ಮೇಲಿನ ಸಂಖ್ಯೆ ‘ಈ ಬಿಡಿಭಾಗ ಬದಲಿಸು’ ಎಂಬ ಆಜ್ಞೆಯಲ್ಲ, ‘ಈ ದಾರಿಯಲ್ಲಿ ಏನೋ ತೊಡಕಿದೆ’ ಎಂಬ ಸುಳಿವು ಮಾತ್ರ. ಹಲವು ಯಂತ್ರಗಳಲ್ಲಿ ಎರಡು ಅಂಕೆ ಬರುತ್ತವೆ. ಮೊದಲನೆಯದು ಯಾವ ಅಳತೆ ಎಂದು ಹೇಳುತ್ತದೆ: 100 ಎಂದರೆ ಎಂಜಿನ್ ಆಯಿಲ್ ಒತ್ತಡ, 110 ಎಂದರೆ ತಂಪುನೀರಿನ ಉಷ್ಣತೆ. ಎರಡನೆಯದು ದೋಷದ ಬಗೆ: 3 ಎಂದರೆ ವೋಲ್ಟೇಜ್ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಕರೆಂಟ್ ಕಡಿಮೆ ಅಥವಾ ದಾರಿ ಕಡಿದಿದೆ. ಈ ಮೂರೂ ವಿದ್ಯುತ್ತಿನ ಕಾಯಿಲೆಗಳು. ಆದರೆ 100ರ ಜೊತೆ 1 ಬಂದರೆ ಆಯಿಲ್ ಒತ್ತಡ ನಿಜವಾಗಿಯೇ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ. ಆಗ ಎಂಜಿನ್ನನ್ನು ತಕ್ಷಣ ಆರಿಸಲೇಬೇಕು. ದೀಪ ಆರಿಸಲು ಅಡ್ಡತಂತಿ ಕಟ್ಟಿ ಓಡಿಸುವವರಿದ್ದಾರೆ. ಅವರು ಎಂಜಿನ್ನನ್ನೇ ಕೊಲ್ಲುತ್ತಾರೆ.

ಹಣ ಬೀಳುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳವಾಗಿದೆ. ಸಂಖ್ಯೆಯನ್ನು ಅಳಿಸುವ ಮೊದಲು ಬರೆದುಕೊಳ್ಳಬೇಕು. ಬ್ಯಾಟರಿಯ ತುದಿಗಳು, ಅರ್ತ್ ತಂತಿ, ಫ್ಯೂಸು, ಕನೆಕ್ಟರಿನೊಳಗಿನ ನೀರು ಮತ್ತು ಹಸಿರು ಕಿಲುಬು, ಕಬ್ಬಿಣಕ್ಕೆ ಉಜ್ಜಿ ಸವೆದ ತಂತಿ ಇವನ್ನು ನೋಡಬೇಕು. ಒಮ್ಮೆಗೇ ಮೂರು ನಾಲ್ಕು ಸೆನ್ಸರುಗಳ ಸಂಖ್ಯೆ ಬಂದರೆ ಅವೆಲ್ಲ ಒಟ್ಟಿಗೆ ಸತ್ತವೆಂದು ನಂಬಬಾರದು; ಅವುಗಳಿಗೆ ಹಂಚಿಹೋಗುವ 5 ವೋಲ್ಟಿನ ಸರಬರಾಜನ್ನೋ ಅರ್ತನ್ನೋ ಮೊದಲು ಅಳೆಯಬೇಕು. ಎರಡು ತಂತಿಯ ಉಷ್ಣತೆಯ ಸೆನ್ಸರಿಗೆ ಇನ್ನೊಂದು ಉಪಾಯವಿದೆ. 110ರ ಜೊತೆ 4 ಇದ್ದಾಗ, ಎಂಜಿನ್ ನಿಲ್ಲಿಸಿ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಕೀಲಿ ತಿರುಗಿಸಿ ನೋಡಬೇಕು. ಸಂಖ್ಯೆ 3ಕ್ಕೆ ಬದಲಾದರೆ ತಂತಿ, ಗಣಕ ಎರಡೂ ಸರಿ, ಕೆಟ್ಟದ್ದು ಸೆನ್ಸರೇ. 4ರಲ್ಲೇ ಉಳಿದರೆ ಹೊಸ ಸೆನ್ಸರ್ ತರುವುದು ವ್ಯರ್ಥ. ಮೂರು ತಂತಿಯ ಒತ್ತಡದ ಸೆನ್ಸರಿಗೆ ಈ ಲೆಕ್ಕ ಹಾಗೆಯೇ ಹೊಂದದು. ಅಲ್ಲಿ ಯಂತ್ರದ ಕೈಪಿಡಿಯನ್ನೇ ನೋಡಬೇಕು. ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚುವುದನ್ನೂ, ತೊಳೆಯುವಾಗ ಕನೆಕ್ಟರುಗಳಿಗೆ ರಭಸದ ನೀರು ಬಿಡದಿರುವುದನ್ನೂ ಮಾಲೀಕರು, ಚಾಲಕರು ರೂಢಿಸಿಕೊಂಡರೆ ಅರ್ಧ ಕಾಯಿಲೆ ಬಾರದು.

‘ಯಂತ್ರ ನಮ್ಮದಲ್ಲ, ನಮಗೇಕೆ ಈ ಉಸಾಬರಿ’ ಎಂದು ಕೆಲವರು ಕೇಳಬಹುದು. ಯಂತ್ರ ನಮ್ಮದಲ್ಲ ನಿಜ. ಆದರೆ ನಿಂತ ದಿನಗಳು ನಮ್ಮವು. ಒಬ್ಬ ಎರಡೆಕರೆ ಬೆಳೆಗಾರ ಇದಕ್ಕೆಲ್ಲ ಉಪಕರಣ ಕೊಳ್ಳಲಾರ, ಕೊಳ್ಳಬೇಕಾಗಿಯೂ ಇಲ್ಲ. ಸಂಘ ಇರುವುದು ಇಂಥದ್ದಕ್ಕೇ. ಭದ್ರಾ ಮೇಲ್ದಂಡೆಯ ಸುರಂಗ, ಕಾಲುವೆಗಳ ಕೆಲಸಕ್ಕೆ ಅಜ್ಜಂಪುರದ ಸುತ್ತ ದೊಡ್ಡ ಯಂತ್ರಗಳು ಬಂದವು. ಅವುಗಳ ಹಿಂದೆ ವಿದ್ಯೆಯೂ ನಮ್ಮ ಹುಡುಗರ ಕೈಗೆ ಬರಬೇಕಲ್ಲವೇ? ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತವರಿದ್ದಾರೆ. ಅವರಲ್ಲಿ ತಾಲ್ಲೂಕಿಗೆ ಇಬ್ಬರನ್ನಾದರೂ ಸಂಘ ತರಬೇತಿಗೆ ಕಳಿಸಲಿ. ಒಳ್ಳೆಯ ಮಲ್ಟಿಮೀಟರನ್ನೂ, ಭಾರಿ ಯಂತ್ರಗಳಿಗೆ ಹೊಂದುವ ಸಂಖ್ಯೆ ಓದುವ ಉಪಕರಣವನ್ನೂ ಕೊಂಡು ಸಂಘದಲ್ಲಿಡಲಿ. ಕಾರಿಗೆ ಹಾಕುವ ಅಗ್ಗದ ಉಪಕರಣ ಎಲ್ಲ ಯಂತ್ರಕ್ಕೂ ಹೊಂದದಾದ್ದರಿಂದ, ಕೊಳ್ಳುವ ಮುನ್ನ ನಮ್ಮ ಸೀಮೆಯಲ್ಲಿ ಓಡುವ ಯಂತ್ರಗಳ ಪಟ್ಟಿ ಮಾಡುವುದು ಅಗತ್ಯ.

ಇನ್ನೊಂದು ಮಾತು. ಬಾಡಿಗೆ ಮಾತಾಡುವಾಗಲೇ, ದೋಷ ಹುಡುಕುತ್ತ ಎಂಜಿನ್ ಓಡಿಸಿದ ಹೊತ್ತು ಗಂಟೆಯ ಲೆಕ್ಕಕ್ಕೆ ಸೇರದೆಂದು ಬರೆಸಿಕೊಳ್ಳಿ. ಯಂತ್ರದ ಮಾಲೀಕರೂ ಸಾಲ ಮಾಡಿ ತಂದವರೇ; ಸರಿಯಾದ ರೋಗಪರೀಕ್ಷೆಯಿಂದ ಅವರಿಗೂ ಲಾಭವಿದೆ. ಆದ್ದರಿಂದ ಉಪಕರಣದ ಖರ್ಚಿನಲ್ಲಿ ಅವರನ್ನೂ ಪಾಲುದಾರರನ್ನಾಗಿ ಕರೆಯೋಣ.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ. ಸದಸ್ಯರು ತಮ್ಮ ತೋಟದಲ್ಲಿ ಯಂತ್ರ ನಿಂತ ದಿನಗಳ ಲೆಕ್ಕವನ್ನು ಬರೆದುಕೊಂಡು ಬನ್ನಿ.